‘ನೇಟಿವ್ ಸನ್’ ಓದುಕೂಟಕ್ಕೆ: ಯಾವ ಆವೃತ್ತಿ, ಯಾವ ಕ್ರಮ, ಬಾಲ್ಡ್ವಿನ್ ಯಾವಾಗ?

ಓದುಕೂಟ_ಮಲೆನಾಡು

ನಮಸ್ಕಾರ. ಅಮೆರಿಕದ ವರ್ಣಭೇದವನ್ನು ಪ್ರತಿಭಟಿಸಿ ಬರೆದ ಕಾದಂಬರಿಗಳನ್ನು ಆರು ವಾರ ಓದುವ ಯೋಜನೆ ಇದೆ. ವಾರಕ್ಕೊಂದು ಸಲ, ಎರಡು ಗಂಟೆ. ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ನಿಂದ ಶುರುಮಾಡಿ ರಿಚರ್ಡ್ ರೈಟ್ ಅವರ ‘ನೇಟಿವ್ ಸನ್’ಗೆ ಬರೋಣ ಅಂತ. ಸ್ಟೋವ್ ಪೂರ್ತಿ ಓದಿಸಲು ವೇಳೆ ಸಾಲದು, ಯಾವ ಅಧ್ಯಾಯ ಇಟ್ಟುಕೊಳ್ಳಬೇಕು? ‘ನೇಟಿವ್ ಸನ್’ ಪ್ರತಿಗಳಲ್ಲಿ ಸಿನಿಮಾ ಮಂದಿರದ ಭಾಗ ಒಬ್ಬೊಬ್ಬರದು ಒಂದೊಂದು ಥರ ಇದೆ, ಯಾಕೆ? ಕರಿಯ ಲೇಖಕ ಜೇಮ್ಸ್ ಬಾಲ್ಡ್ವಿನ್ ಈ ಕಾದಂಬರಿಗಳ ಮೇಲೆ ಬರೆದ ಟೀಕೆಯನ್ನು ಮೊದಲೇ ಓದಿಸಬೇಕೇ, ಆಮೇಲೆಯೇ? ಚರ್ಚೆ ‘ಅಯ್ಯೋ ಪಾಪ’ದಲ್ಲೇ ನಿಂತುಬಿಡಬಾರದು ಅನ್ನುವುದು ನಮ್ಮ ಮುಖ್ಯ ಚಿಂತೆ.

ಕಪ್ಪುಮಸಿ

ಮೊದಲು ಆವೃತ್ತಿ. 1940ರಲ್ಲಿ ‘ನೇಟಿವ್ ಸನ್’ ಅಚ್ಚಾಗುವ ಮುಂಚೆ, ಸದಸ್ಯರಿಗೆ ತಿಂಗಳ ಪುಸ್ತಕ ಆರಿಸಿ ಕಳಿಸುವ ಬುಕ್ ಆಫ್ ದ ಮಂತ್ ಕ್ಲಬ್ ಕೆಲವು ಭಾಗ ತೆಗೆಸಿತು. ರೈಟ್ ಒಪ್ಪಿ ತಿದ್ದಿಕೊಟ್ಟರು. ತೆಗೆದದ್ದನ್ನು ಲೈಬ್ರರಿ ಆಫ್ ಅಮೆರಿಕ 1991ರಲ್ಲಿ ಮತ್ತೆ ಸೇರಿಸಿತು. ಪತ್ತೆ ಹಚ್ಚುವುದು ಸುಲಭ: ಮೊದಲ ಭಾಗದಲ್ಲಿ ಕಥಾನಾಯಕ, ಶಿಕಾಗೊದ ಕರಿಯ ತರುಣ ಬಿಗರ್ ಥಾಮಸ್ ಸಿನಿಮಾಕ್ಕೆ ಹೋದಾಗ, ವಾರ್ತಾಚಿತ್ರದಲ್ಲಿ ಫ್ಲಾರಿಡಾ ಕಡಲತೀರದಲ್ಲಿ ಮೇರಿ ಡಾಲ್ಟನ್ (ಅವನು ಮುಂದೆ ಕಾರು ಓಡಿಸುವ ಕೆಲಸಕ್ಕೆ ಸೇರುವ ಶ್ರೀಮಂತ ಬಿಳಿಯರ ಮನೆಯ ಮಗಳು) ಕಾಣಿಸಿದರೆ ಅದು ಪೂರ್ಣಪಾಠ. ಎಲ್ಲರಿಗೂ ಅದನ್ನೇ ಕೊಡಿ. ಮೇರಿಯನ್ನು ಭೇಟಿಯಾಗುವ ಮೊದಲೇ ಬಿಗರ್ ಅವಳನ್ನು ಪರದೆಯ ಮೇಲೆ ನೋಡಿರುತ್ತಾನೆ ಅನ್ನುವುದು ತಿಳಿಯದಿದ್ದರೆ, ಮುಂದೆ ಕಾರಿನಲ್ಲಿ ಅವನಿಗಾಗುವ ದಿಗಿಲು ಅರ್ಧ ಮಾತ್ರ ಅರ್ಥವಾಗುತ್ತದೆ.

ಸ್ಟೋವ್ ಕಾದಂಬರಿಯಲ್ಲಿ 45 ಅಧ್ಯಾಯಗಳಿವೆ. 1, 9, 12, 30, 43 ಮತ್ತು 45 ಸಾಕು. ಒಂದರಲ್ಲಿ ಮಾಲೀಕ ಶೆಲ್ಬಿ ತನ್ನ ಸಾಲ ತೀರಿಸಲು ಗುಲಾಮ ಟಾಮ್‌ನನ್ನು ಮಾರಲು ಮಾತಾಡುತ್ತಾನೆ. ಅವನು ಒಳ್ಳೆಯವನೇ, ಆದರೂ ಮಾರುತ್ತಾನೆ. ಒಂಬತ್ತರಲ್ಲಿ, ಓಡಿಬಂದ ಗುಲಾಮರಿಗೆ ನೆರವಾಗಬಾರದು ಎಂಬ ಕಾನೂನಿಗೆ ಮತ ಹಾಕಿದ ಸೆನೆಟರನ ಮನೆಗೇ ಮಗುವನ್ನು ಎತ್ತಿಕೊಂಡು ಎಲಿಜಾ ಬರುತ್ತಾಳೆ. 1850ರ ಫ್ಯುಜಿಟಿವ್ ಸ್ಲೇವ್ ಕಾಯ್ದೆಯೇ ಈ ಕಾದಂಬರಿ ಹುಟ್ಟಲು ಕಾರಣ, ಅದನ್ನು ಮೊದಲ ಹತ್ತು ನಿಮಿಷದಲ್ಲಿ ಹೇಳಿಬಿಡಿ. 43ನ್ನು ಬಿಡಲೇಬೇಡಿ: ತಪ್ಪಿಸಿಕೊಂಡು ಬಿಡುಗಡೆ ಪಡೆದ ಎಲಿಜಾಳ ಗಂಡ ಜಾರ್ಜ್ ಹ್ಯಾರಿಸ್‌ನನ್ನು ಲೇಖಕಿ ಲೈಬೀರಿಯಾಕ್ಕೆ ಕಳಿಸುತ್ತಾರೆ. ಗುಲಾಮಗಿರಿ ಹೋಗಲಿ ಅನ್ನುವ ಪುಸ್ತಕಕ್ಕೆ ಬಿಡುಗಡೆಯಾದವನ ಜತೆ ಒಂದೇ ಊರಲ್ಲಿ ಬಾಳುವುದನ್ನು ಊಹಿಸಲು ಆಗಲಿಲ್ಲ. ಇದರ ಮಿತಿ ಇರುವುದು ಇಲ್ಲಿ. ಪುಟ್ಟ ಬಿಳಿಯ ಹುಡುಗಿ ಎವಾ ಸಾಯುವ ಅಧ್ಯಾಯದಿಂದ ಶುರುಮಾಡಿದರೆ ಮಾತ್ರ ನಿಮ್ಮ ‘ಅಯ್ಯೋ ಪಾಪ’ ಖಂಡಿತ.

ಆ ಕಣ್ಣೀರಿನ ಭಯ ರೈಟ್‌ಗೂ ಇತ್ತು. 1938ರ ತಮ್ಮ ಕಥಾಸಂಕಲನವನ್ನು ಜನ ಓದಿ, ಅತ್ತು, ಹಗುರಾಗಿಬಿಟ್ಟರು ಎಂದು ನೊಂದು, ಮುಂದಿನ ಪುಸ್ತಕದಲ್ಲಿ ಅಳುವ ಸಮಾಧಾನವೂ ಸಿಗಬಾರದೆಂದು ನಿಶ್ಚಯಿಸಿದರು. ಹಾಗಾಗಿ ‘ನೇಟಿವ್ ಸನ್’ ಓದಿಸುವಾಗ ಬಿಗರ್ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಯನ್ನು ಬದಿಗಿಟ್ಟು ದುಡ್ಡಿನ ಜಾಡು ಹಿಡಿಯಿರಿ. ಥಾಮಸ್ ಕುಟುಂಬ ನಾಲ್ಕು ಜನ, ಇಲಿ ಓಡಾಡುವ ಒಂದೇ ಕೋಣೆ, ಬಾಡಿಗೆ ವಾರಕ್ಕೆ 8 ಡಾಲರ್. ಆ ಬಾಡಿಗೆ ಹೋಗುವುದು ಮೇರಿಯ ಅಪ್ಪ ಡಾಲ್ಟನ್ ಹಿಡಿತದಲ್ಲಿರುವ ಕಂಪನಿಗೆ. ಅದೇ ಡಾಲ್ಟನ್ ಕರಿಯರ ಶಿಕ್ಷಣಕ್ಕೆ ದಾನ ಕೊಡುತ್ತಾನೆ, ಹುಡುಗರ ಕ್ಲಬ್ಬಿಗೆ ಪಿಂಗ್‌ಪಾಂಗ್ ಟೇಬಲ್ ಕೊಡಿಸುತ್ತಾನೆ, ಬಿಗರ್‌ಗೆ ಕೆಲಸವನ್ನೂ ಕೊಡುತ್ತಾನೆ. ಆದರೆ ಊರಿನ ಬೇರೆ ಭಾಗದಲ್ಲಿ ಅವರಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ. ಬಿಳಿಯರ ಗೆರೆಯಾಚೆ 4 ಸೆಂಟಿನ ಬ್ರೆಡ್ಡು ಈಚೆ 5 ಸೆಂಟು. ಓದುಗರು ಇವನ್ನೆಲ್ಲ ಪುಟಸಂಖ್ಯೆ ಸಮೇತ ಗುರುತು ಹಾಕಿಕೊಂಡು ಬಂದರೆ ಮೂರನೆಯ ಭಾಗದಲ್ಲಿ, ಕೊಲೆ ಕೇಸಿನಲ್ಲಿ ಬಿಗರ್ ಪರ ನಿಂತ ವಕೀಲ ಮ್ಯಾಕ್ಸ್ ಡಾಲ್ಟನ್‌ನನ್ನು ಪ್ರಶ್ನಿಸುವ ದೃಶ್ಯ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಎಡವುವುದು ಮ್ಯಾಕ್ಸ್‌ನ ನ್ಯಾಯಾಲಯದ ಭಾಷಣದಲ್ಲಿ. ಉದ್ದ ಬೇರೆ. ಅದನ್ನೇ ರೈಟ್‌ರ ತೀರ್ಪು ಎಂದುಕೊಂಡರೆ ಓದು ಅಲ್ಲಿಗೇ ಮುಗಿಯುತ್ತದೆ. ಕೊನೆಯ ಭೇಟಿಯಲ್ಲಿ ಬಿಗರ್ ಆಡುವ ಮಾತಿಗೆ ಮ್ಯಾಕ್ಸ್ ಕಂಗಾಲಾಗುತ್ತಾನಲ್ಲ, ಅದನ್ನು ಭಾಷಣದ ಜತೆಗೇ, ಅದೇ ದಿನ ಓದಿ.

ಬಾಲ್ಡ್ವಿನ್ ಆಮೇಲೆಯೇ. 1949ರ ಪ್ರಬಂಧದಲ್ಲಿ ಅವರು ಬಿಗರ್‌ನನ್ನು ಅಂಕಲ್ ಟಾಮ್‌ನ ವಂಶದವನೇ ಎನ್ನುತ್ತಾರೆ. ಎರಡನ್ನೂ ಓದದವರಿಗೆ ಆ ಮಾತು ಬರೀ ಹೇಳಿಕೆಯಾಗುತ್ತದೆ, ಮೊದಲೇ ಕೊಟ್ಟರೆ ಕಾದಂಬರಿಯಲ್ಲಿ ತಪ್ಪು ಹುಡುಕುವುದೊಂದೇ ಕೆಲಸವಾಗುತ್ತದೆ.

ಬೆಸ್ಸಿಯ_ಪರ

ಕಪ್ಪುಮಸಿಯವರ ಬಾಡಿಗೆಯ ಜಾಡು ಸರಿಯೇ, ಆದರೆ ಅದರಲ್ಲಿ ಬಿಗರ್‌ನ ಕರಿಯ ಗೆಳತಿ ಬೆಸ್ಸಿ ಕಳೆದುಹೋಗುತ್ತಾಳೆ. ಬಿಗರ್ ಮೇರಿಯನ್ನು ಕೊಲ್ಲುವುದು ಗಾಬರಿಯಲ್ಲಿ, ಬೆಸ್ಸಿಯನ್ನು ಕೊಲ್ಲುವುದು ಯೋಚಿಸಿ. ಆದರೂ ಕೋರ್ಟಿಗೆ ಬೇಕಿರುವುದು ಮೇರಿಯ ಸಾವು. ಬೆಸ್ಸಿಯ ಹೆಣ ಅಲ್ಲಿ ಪುರಾವೆ ಮಾತ್ರ. ಇದನ್ನು ರೈಟ್ ಬೇಕೆಂದೇ ತೋರಿಸಿದ್ದಾರೆ. ಹಾಗಿದ್ದೂ ಕಾದಂಬರಿ ಬೆಸ್ಸಿಯ ಬದುಕಿನ ಒಳಗೆ ಹೊಕ್ಕಿದೆಯೇ? ಇಲ್ಲ ಅಂತಲೇ ನನ್ನ ಅಭಿಪ್ರಾಯ. ಎರಡನೆಯ ಭಾಗದ ವಾರ ಈ ಒಂದು ಪ್ರಶ್ನೆಗೇ ಅರ್ಧ ಗಂಟೆ ಕೊಡಿ.

ಆರನೆಯ ವಾರಕ್ಕೆ ಆ್ಯನ್ ಪೆಟ್ರಿ ಅವರ ‘ದ ಸ್ಟ್ರೀಟ್’ (1946) ಸೇರಿಸಿ. ಹಾರ್ಲೆಮ್‌ನ 116ನೆಯ ಬೀದಿಯಲ್ಲಿ ಮಗನನ್ನು ಕಟ್ಟಿಕೊಂಡು ಮನೆ ಹುಡುಕುವ ಲೂಟಿ ಜಾನ್ಸನ್, ದುಡಿದು ಮೇಲೆ ಬಂದ ಅಮೆರಿಕದ ಹಳೆಯ ನಾಯಕ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ನೆನೆದುಕೊಂಡು, ದುಡಿದು ಉಳಿಸಿದರೆ ಮೇಲೆ ಬರಬಹುದು ಎಂದು ನಂಬಿದವಳು. ಅವಳ ದಾರಿಗೆ ಅಡ್ಡ ನಿಂತಿರುವ ಬಿಳಿಯ ಧಣಿಯ ಹೆಸರು ಜುಂಟೊ. ಫ್ರಾಂಕ್ಲಿನ್ ಕಟ್ಟಿದ ಕೂಟದ ಹೆಸರೂ ಅದೇ. ಮಗ ಸಿಕ್ಕಿಬಿದ್ದಾಗ ವಕೀಲನೊಬ್ಬ 200 ಡಾಲರ್ ಕೇಳುತ್ತಾನೆ. ಆ ಕೇಸಿಗೆ ವಕೀಲ ಬೇಕೇ ಇಲ್ಲ ಎಂದು ಅವನಿಗೆ ಗೊತ್ತು, ಲೂಟಿಗೆ ಗೊತ್ತಿಲ್ಲ. ಕಥೆ ಕುಸಿಯುವುದು ಆ 200 ಡಾಲರಿನಿಂದ. ಪೂರ್ತಿ ಆಗದಿದ್ದರೆ ಮೊದಲ ಅಧ್ಯಾಯ ಮತ್ತು ಕೊನೆಯ ಎರಡು.

ಓದುಕೂಟ_ಮಲೆನಾಡು

ಇಬ್ಬರಿಗೂ ಧನ್ಯವಾದ. ಇನ್ನೊಂದು: ಮಾತು ಬೇಗ ನಮ್ಮ ಜಾತಿಯ ಕಡೆ ತಿರುಗುತ್ತದೆ. ತಡೆಯಬೇಕೇ?

ಕಪ್ಪುಮಸಿ

ತಡೆಯಬೇಡಿ, ಮುಂದಕ್ಕೆ ಹಾಕಿ. 1972ರಲ್ಲಿ ಮುಂಬೈಯ ದಲಿತ ಪ್ಯಾಂಥರ್ಸ್ ಹೆಸರನ್ನೇ ಅಮೆರಿಕದ ಕರಿಯರ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ತೆಗೆದುಕೊಂಡರು, ಆದ್ದರಿಂದ ನಂಟು ನಿಜವಾದದ್ದೇ. ಆದರೆ ಮೊದಲ ವಾರವೇ ‘ಇಲ್ಲೂ ಹಾಗೇ’ ಅಂದುಬಿಟ್ಟರೆ ಶಿಕಾಗೊದ ಗೆರೆ ಏನೆಂದು ಯಾರೂ ನೋಡುವುದಿಲ್ಲ. ಅಲ್ಲಿ ಕರಿಯರಿಗೆ ಮಾರಬಾರದು, ಬಾಡಿಗೆಗೆ ಕೊಡಬಾರದು ಎಂದು ಮನೆಯ ಪತ್ರದಲ್ಲೇ ಷರತ್ತು ಬರೆಯುತ್ತಿದ್ದರು. ಕೋರ್ಟುಗಳು ಅದನ್ನು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ, ಕಾದಂಬರಿ ಬಂದು ಎಂಟು ವರ್ಷಕ್ಕೆ.

ಹೋಲಿಕೆಗೆ ಸರಿಯಾದ ಜಾಗ ಬಾಲ್ಡ್ವಿನ್ ವಾರ. ಕರಿಯರು ತಮ್ಮತಮ್ಮೊಳಗೆ ಹಂಚಿಕೊಂಡ ಬದುಕೇ ‘ನೇಟಿವ್ ಸನ್’ನಲ್ಲಿ ಇಲ್ಲ ಎಂಬುದು 1951ರ ಪ್ರಬಂಧದಲ್ಲಿ ಅವರ ದೊಡ್ಡ ದೂರು. ಅದನ್ನು ಓದಿದ ಮೇಲೆ ದೇವನೂರ ಮಹಾದೇವ ಅವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರೆಲ್ಲ ಸುತ್ತ ಕೂತು ಕಡಲೆಕಾಯಿ ತಿನ್ನುವ ರಾತ್ರಿಯನ್ನು ಗಟ್ಟಿಯಾಗಿ ಓದಿಸಿ. ಕದ್ದ ಕಾಯಿ, ಹಸಿವು, ಪೊಲೀಸರ ಭಯ ಎಲ್ಲ ಇದೆ, ಜತೆಗೆ ಆ ಮನೆಯ ನಗು, ಜಗಳ, ಅಕ್ಕರೆಯೂ ಇದೆ. ಬಾಲ್ಡ್ವಿನ್ ಕೇಳಿದ್ದು ಇದನ್ನೇ ಏನು? ರೈಟ್ ಅದನ್ನು ಬೇಕೆಂದೇ ಬಿಟ್ಟರೋ, ಬಿಗರ್‌ನ ಒಂಟಿತನವೇ ಅವರ ಆರೋಪಪಟ್ಟಿಯೋ? ಆ ದಿನದ ಎರಡು ಗಂಟೆಗೆ ಈ ಪ್ರಶ್ನೆ ಧಾರಾಳ.