ಅಪ್‌ಡೇಟ್: ಅಪೂರ್ಣ ಪರಿವರ್ತಕವನ್ನು ಕೊನೆಗೂ ಪ್ರಕಟಿಸಿದೆ

ನುಡಿ ಎಂಬ ಹಳೆಯ ಕನ್ನಡ ಫಾಂಟಿನ ಕಡತಗಳನ್ನು, ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಬದಲಿಸುವ ನನ್ನ ಪುಟ್ಟ ತಂತ್ರಾಂಶ ಪೂರ್ತಿಯಾಗುವ ಮೊದಲೇ ಅದರ ಸೋರ್ಸ್ ಕೋಡನ್ನು (ತಂತ್ರಾಂಶವನ್ನು ಬರೆದ ಮೂಲ ಸಾಲುಗಳನ್ನು) ಸಾರ್ವಜನಿಕವಾಗಿ ಹಂಚಬಹುದೇ ಎಂದು ಕೇಳಿದ್ದೆ. ಕೊರತೆಗಳನ್ನು ಮುಚ್ಚಿಡದೆ ಈಗಲೇ ಕೊಡಿ ಎಂದು ಹೆಚ್ಚಿನವರು ಹೇಳಿದಿರಿ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ತಮ್ಮ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯನ್ನು ಇನ್ನೂ ಅಪೂರ್ಣವಾಗಿದ್ದ 0.01 ಆವೃತ್ತಿಯಾಗಿಯೇ ಹೊರತಂದದ್ದನ್ನು ಒಬ್ಬರು ನೆನಪಿಸಿದ ಮೇಲೆ ನನ್ನ ಹಿಂಜರಿಕೆ ಬಹಳಷ್ಟು ಕಡಿಮೆಯಾಯಿತು.

ಮೂರು ವಾರಗಳ ಹಿಂದೆ ಅದನ್ನು 0.1 ಎಂದು ಗುರುತಿಸಿ, ಯಾರು ಬೇಕಾದರೂ ಬಳಸಿ, ತಿದ್ದಿ, ಅದೇ ಷರತ್ತಿನಲ್ಲಿ ಹಂಚಲು ಬಿಡುವ ಜಿಪಿಎಲ್ 3 ಪರವಾನಗಿಯೊಂದಿಗೆ ಪ್ರಕಟಿಸಿದೆ. ಪರವಾನಗಿಯಿಲ್ಲದ ಕೋಡನ್ನು ಕೃತಿಸ್ವಾಮ್ಯದ ಕಾರಣದಿಂದ ಇತರರು ತಿದ್ದಿ ಹಂಚುವಂತಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ, ತಿಳಿಸಿದವರಿಗೆ ಋಣಿ.

ನನ್ನನ್ನು ಕಾಡುತ್ತಿದ್ದುದು ಅರ್ಕಾವತ್ತು. ಹಳೆಯ ಫಾಂಟುಗಳಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರವೇ ಮೊದಲು ಬರಬೇಕು. ನನ್ನ ಕೋಡು ರಕಾರವನ್ನು ಒಂದೇ ಹೆಜ್ಜೆ ಹಿಂದಕ್ಕೆ ಸರಿಸುತ್ತಿದ್ದುದರಿಂದ 'ಧರ್ಮ' ಸರಿಯಾಗುತ್ತಿತ್ತು, ನಡುವೆ ಇನ್ನೊಂದು ಒತ್ತಕ್ಷರವಿರುವ 'ಅರ್ಘ್ಯ', 'ಈರ್ಷ್ಯೆ' ಕೆಡುತ್ತಿದ್ದವು. ಈ ದೋಷವನ್ನು ಕೋಡಿನ ಜೊತೆಗೇ ಉದಾಹರಣೆಸಹಿತ ಬರೆದಿಟ್ಟಿದ್ದೆ. ನಾನು ತಿಂಗಳುಗಟ್ಟಲೆ ಒದ್ದಾಡಿದ್ದನ್ನು ಅಪರಿಚಿತರೊಬ್ಬರು, ಒತ್ತುಗಳನ್ನೆಲ್ಲ ದಾಟಿ ಮೂಲ ವ್ಯಂಜನದವರೆಗೆ ಹಿಂದೆ ಹೋಗುವ ಹನ್ನೊಂದು ಸಾಲುಗಳಲ್ಲಿ ಸರಿಪಡಿಸಿ ಕಳುಹಿಸಿದರು. ಅಂದು ನನಗಾದ ಸಂತೋಷವನ್ನು ಹೇಳಲಾರೆ.

ಒಂದು ತಪ್ಪೂ ಆಯಿತು. ಕಡತದ ಇನ್ನೊಂದು ಪ್ರತಿ ಇಟ್ಟುಕೊಂಡೇ ಬಳಸಿ ಎಂದು ಬಳಕೆಯ ಸೂಚನೆಯ ಮೊದಲ ಸಾಲಿನಲ್ಲೇ ಬರೆದಿದ್ದರೂ, ಬಳಕೆದಾರರೊಬ್ಬರು ಮೂಲ ಕಡತದ ಮೇಲೆಯೇ ಚಲಾಯಿಸಿ ನಲವತ್ತು ಪುಟಗಳನ್ನು ಕಳೆದುಕೊಂಡರು. ಅವರನ್ನು ದೂರಲಾರೆ, ಹಾಗೆ ಚಲಾಯಿಸಲು ಬಿಟ್ಟದ್ದು ನನ್ನ ಕೋಡು. ಈಗ 0.2ರಲ್ಲಿ ಫಲಿತಾಂಶ ಯಾವಾಗಲೂ ಹೊಸ ಕಡತಕ್ಕೇ ಹೋಗುತ್ತದೆ. ಕೋಷ್ಟಕಗಳ ಪರಿವರ್ತನೆ ಇನ್ನೂ ಬಾಕಿಯಿದೆ.