ಹೊಸ ಕೆಲಸಕ್ಕೆ ಮುಂಚೆ ದೇವರನ್ನು ಕೇಳಿದ್ದೇನೆ, ಉತ್ತರ ಬಂತು ಅಂತ ಹೇಗೆ ಗೊತ್ತಾಗುತ್ತದೆ?

ಅಮ್ಮತ್ತಿ ತೋಟದವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನಾವು ಕೊಡಗಿನ ಅಮ್ಮತ್ತಿ ಕಡೆಯವರು. ಐದು ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಮೆಣಸಿನ ಬಳ್ಳಿ. ಅಪ್ಪ ಹೋಗಿ ಎರಡು ವರ್ಷ ಆಯಿತು. ಬೆಂಗಳೂರಿನ ಕೆಲಸ ಬಿಟ್ಟು ಬಂದು ಅವ್ವನ ಜೊತೆ ತೋಟ ನೋಡಿಕೊಳ್ಳುತ್ತಿದ್ದೇನೆ. ಇಷ್ಟು ವರ್ಷ ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಆ ಒಣ ಹಣ್ಣನ್ನು, ಅಂದರೆ ಚೆರ್ರಿಯನ್ನು, ಮೂಟೆ ಲೆಕ್ಕದಲ್ಲಿ ಕೊಟ್ಟುಬಿಡುತ್ತಿದ್ದೆವು. ಈಗ ನಾವೇ ಹುರಿದು ಪುಡಿ ಮಾಡಿ ನಮ್ಮ ಹೆಸರಲ್ಲಿ ಮಾರಬೇಕು ಅಂತ ನನಗೆ ತುಂಬಾ ಆಸೆ. ರೋಸ್ಟರ್, ಗ್ರೈಂಡರ್, ಪ್ಯಾಕಿಂಗ್ ಮೆಷಿನ್, ಹಳೇ ಗೋಡೌನಿಗೆ ಹೊಸ ಶೀಟು, ಎಲ್ಲ ಸೇರಿ ಒಂಬತ್ತು ಲಕ್ಷ ಆಗುತ್ತದೆ. ಅರ್ಧ ಬ್ಯಾಂಕ್ ಸಾಲ. ಉಳಿದದ್ದಕ್ಕೆ ಅವ್ವನ ಚಿನ್ನದ ಒಡವೆ, ಜೋಮಾಲೆ, ಕೊಕ್ಕೆತಾತಿ ಅಡ ಇಡಬೇಕು.

ಇದನ್ನು ದೇವರನ್ನು ಕೇಳದೆ ಶುರು ಮಾಡುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನಲವತ್ತು ದಿನದಿಂದ ಸಂಜೆ ಮನೆಯ ನಡುಮನೆಯಾದ ನೆಲ್ಲಕ್ಕಿಯಲ್ಲಿ ದೀಪ ಹಚ್ಚಿ ನಮ್ಮ ಮೂಲಪುರುಷ ಗುರು ಕಾರೋಣನನ್ನು ನೆನೆದು ಕೇಳುತ್ತಿದ್ದೇನೆ. ಪಾಡಿಯ ಇಗ್ಗುತ್ತಪ್ಪ ದೇವಸ್ಥಾನಕ್ಕೂ ಹೋಗಿ ಬಂದೆ. ಇಗ್ಗುತ್ತಪ್ಪನ ಮುಂದೆ ನಿಂತಾಗ ಕಣ್ಣಲ್ಲಿ ನೀರು ಬಂತು, ಆದರೆ ಉತ್ತರ ಅಂತ ಏನೂ ಬರಲಿಲ್ಲ. ಎರಡು ದಿನ ಬಿಟ್ಟು ಮೆಷಿನ್ ಅಂಗಡಿಯವರು ಫೋನ್ ಮಾಡಿ ರೇಟು ಇಳಿಸಿದರು. ಇದೇ ಉತ್ತರ ಅಂದುಕೊಂಡೆ. ಮಾರನೇ ದಿನವೇ ಬೆಳಿಗ್ಗೆ ಎದ್ದು ನೋಡಿದರೆ ಆನೆ ಬಂದು ಬೇಲಿ ಮುರಿದು, ಗೋಡೌನ್ ಪಕ್ಕದ ಹಲಸಿನ ಮರದ ಕೊಂಬೆ ಎಳೆದು ಹಾಕಿತ್ತು. ಅಯ್ಯೋ, ಬೇಡ ಅಂತ ಹೇಳುತ್ತಿದ್ದಾನೇನೋ ಅನ್ನಿಸಿತು. ಈಗ ಪ್ರತಿಯೊಂದರಲ್ಲೂ ಸೂಚನೆ ಹುಡುಕುತ್ತಾ ಸುಸ್ತಾಗಿದ್ದೇನೆ. ಯಾವುದು ದೇವರ ಮಾತು, ಯಾವುದು ನನ್ನ ಆಸೆ, ಯಾವುದು ನನ್ನ ಭಯ ಅಂತ ಬೇರೆ ಮಾಡಿ ನೋಡಲು ಆಗುತ್ತಿಲ್ಲ. ಹೀಗೆ ಕೇಳಿ ಶುರು ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಸೋಮವಾರಪೇಟೆ ಅಕ್ಕ:

ತಂಗಿ, ನಮ್ಮ ಮನೆಯಲ್ಲಿ ದೇವಸ್ಥಾನಕ್ಕೆ ಹೋಗಿ ಹೂವಿನ ಪ್ರಸಾದ ಕೇಳುತ್ತೇವೆ. ಮನಸ್ಸಲ್ಲಿ ಕೆಲಸ ನೆನೆದು ನಿಲ್ಲುವುದು, ಬಲಗಡೆಯಿಂದ ಹೂವು ಬಿದ್ದರೆ ಆಗಲಿ ಅಂತ, ಎಡಗಡೆಯಿಂದ ಬಿದ್ದರೆ ಬೇಡ ಅಂತ. ನಿಮಗೂ ಅದೇ ಹೇಳೋಣ ಅಂತ ಬರೆಯಲು ಕೂತೆ. ಆದರೆ ಒಂದು ವಿಷಯ ಮುಚ್ಚಿಡಬಾರದು ಅನ್ನಿಸಿತು. ಹೊಲಿಗೆ ಅಂಗಡಿ ಹಾಕುವ ಮುಂಚೆ ನಾನು ಕೇಳಿದಾಗ ಹೂವು ಎಡಕ್ಕೆ ಬಿತ್ತು. ಸರಿಯಾಗಿ ನೆನೆಸಿಕೊಳ್ಳಲಿಲ್ಲ ಅಂತ ಇನ್ನೊಮ್ಮೆ ಕೇಳಿದೆ. ಆಮೇಲೆ ಮತ್ತೊಮ್ಮೆ. ಮೂರನೇ ಸಲ ಬಲಕ್ಕೆ ಬಿತ್ತು, ಖುಷಿಯಾಗಿ ಮನೆಗೆ ಬಂದೆ. ಅಂಗಡಿ ಚೆನ್ನಾಗಿಯೇ ನಡೆಯುತ್ತಿದೆ. ಆದರೂ ಆ ದಿನ ನಾನು ದೇವರನ್ನು ಕೇಳಲು ಹೋಗಿದ್ದೆನಾ, ನನ್ನ ಆಸೆಗೆ ಒಪ್ಪಿಸಲು ಹೋಗಿದ್ದೆನಾ ಅನ್ನುವುದು ಇವತ್ತಿಗೂ ಮನಸ್ಸಲ್ಲಿ ಕುಟುಕುತ್ತದೆ. ನೀವು ಹೋಗುವುದಾದರೆ ಎಡಕ್ಕೆ ಬಿದ್ದರೂ ಒಪ್ಪಿಕೊಂಡು ಬರುವ ಮನಸ್ಸು ಮಾಡಿಕೊಂಡು ಹೋಗಿ.

ಮಾದಾಪುರ ಮಾವ:

ಮಗಳೇ, ನಾನು ಕೇಳಿ ಶುರು ಮಾಡಿದವನು. ಹಾಗಾಗಿ ನನ್ನ ಕಥೆ ಹೇಳುತ್ತೇನೆ.

2016ರಲ್ಲಿ ಹೋಂಸ್ಟೇ ಮಾಡಬೇಕು ಅಂತ ಹೊರಟೆ. ನಮ್ಮ ಮೂಲ ಮನೆಯಾದ ಐನ್‌ಮನೆಯಲ್ಲಿ ಹಿರಿಯರನ್ನೆಲ್ಲ ಸೇರಿಸಿ, ಕಾರೋಣನಿಗೆ ಎಡೆ, ಅಂದರೆ ಮೀದಿ ಇಟ್ಟು, ತೂಗುದೀಪದ ಕೆಳಗೆ ನಿಂತು ಕೇಳಿಕೊಂಡೆ. ಮನಸ್ಸು ಹಗುರ ಆಯಿತು. ಹೂಂ ಅಂದರು ಅಂತಲೇ ತಿಳಿದೆ. ಎರಡು ವರ್ಷ ಒಳ್ಳೆಯ ವ್ಯಾಪಾರ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಏನಾಯಿತು ಅಂತ ನಿನಗೂ ಗೊತ್ತು. ಗುಡ್ಡ ಜಾರಿತು, ರಸ್ತೆ ಹೋಯಿತು. ನಾನು ಕಟ್ಟಿಸಿದ್ದ ನಾಲ್ಕು ರೂಮಿನಲ್ಲಿ ಎರಡು ಮಣ್ಣಿನಡಿಗೆ ಹೋದವು. ಲೈನ್‌ಮನೆಯ ಕೆಲಸದವರು ರಾತ್ರಿ ಟಾರ್ಚ್ ಹಿಡಿದು ಬಂದು, ಅತಿಥಿಗಳನ್ನು ಒಬ್ಬೊಬ್ಬರಾಗಿ ಕೈ ಹಿಡಿದು ಮೇಲಿನ ತೋಟಕ್ಕೆ ದಾಟಿಸಿದರು. ಒಂದು ಜೀವವೂ ಹೋಗಲಿಲ್ಲ.

ಆಮೇಲೆ ಸುಮಾರು ಒಂದು ವರ್ಷ ನಾನು ದೀಪದ ಮುಂದೆ ನಿಲ್ಲಲಿಲ್ಲ. ಹೂಂ ಅಂದಿದ್ದು ಸುಳ್ಳಾ ಅಂತ ಸಿಟ್ಟಿತ್ತು. ನಿಧಾನವಾಗಿ ತಿಳಿಯಿತು. ನಾನು ಕೇಳಿದ್ದು ಅಪ್ಪಣೆ. ಮನಸ್ಸಲ್ಲಿ ತೆಗೆದುಕೊಂಡದ್ದು ಗ್ಯಾರಂಟಿ. ನಷ್ಟ ಆಗುವುದಿಲ್ಲ ಅಂತ ಅಲ್ಲಿ ಯಾರೂ ನನಗೆ ಮಾತು ಕೊಟ್ಟಿರಲಿಲ್ಲ. ಈಗ ಎರಡೇ ರೂಮು ಇಟ್ಟುಕೊಂಡಿದ್ದೇನೆ, ಮಳೆಗಾಲದಲ್ಲಿ ಬುಕಿಂಗ್ ತೆಗೆದುಕೊಳ್ಳುವುದೇ ಇಲ್ಲ. ದೀಪದ ಮುಂದೆ ಮತ್ತೆ ನಿಲ್ಲುತ್ತೇನೆ, ಆದರೆ ಕೇಳುವ ಮಾತು ಬೇರೆ ಆಗಿದೆ.

ನೀನು ಪಾಡಿಗೆ ಹೋಗಿ ಬಂದೆ ಅಂದೆಯಲ್ಲ. ಮಳೆ ಬೆಳೆ ಕೊಡುವ ದೇವರು ಅಂತ ನಾವು ಇಗ್ಗುತ್ತಪ್ಪನನ್ನು ನಂಬಿದವರು. ಸುಗ್ಗಿ ಹಬ್ಬ ಪುತ್ತರಿಗೆ ಕದಿರು ತೆಗೆಯುವ ದಿನವೂ ಅಲ್ಲೇ ಗೊತ್ತಾಗುವುದು. ಕಾಫಿ ಹೂ ಅರಳಿಸುವ ಹೂಮಳೆ ಬೀಳಲಿ ಅಂತ ಅವನಲ್ಲಿ ಬೇಡುತ್ತೇವೆ, ಅದೇ ವಾರ ಕೆರೆಯ ನೀರು ಎಷ್ಟಿದೆ ನೋಡಿ ಸ್ಪ್ರಿಂಕ್ಲರ್ ಪೈಪನ್ನೂ ಜೋಡಿಸಿ ಇಡುತ್ತೇವೆ. ಪೈಪ್ ಜೋಡಿಸಿದ್ದಕ್ಕೆ ನಮ್ಮ ಅಜ್ಜಂದಿರು ಯಾರೂ ನಂಬಿಕೆ ಕಡಿಮೆ ಅನ್ನಲಿಲ್ಲ ಅಲ್ವಾ? ಆನೆ ಬಂದದ್ದರಲ್ಲಿ ಏನೂ ಹುಡುಕಬೇಡ ಮಗಳೇ. ಹಲಸು ಹಣ್ಣಾದರೆ ಅಮ್ಮತ್ತಿಯಲ್ಲಿ ಆನೆ ಬರುತ್ತದೆ.

ಒಂದೇ ಒಂದು ಕೇಳುತ್ತೇನೆ. ಒಡವೆ ವಿಷಯ ಅವ್ವನನ್ನು ಕೇಳಿದ್ದೀಯಾ? ನೀನು ಬರೆದದ್ದರಲ್ಲಿ ಅದು ಕಾಣಲಿಲ್ಲ.

ವಿರಾಜಪೇಟೆ ಟೀಚರ್:

ಮಾವ ಬರೆದದ್ದನ್ನು ಎರಡು ಸಲ ಓದಿದೆ. ನಾನು ಇಲ್ಲಿನ ಸಂತ ಅನ್ನಮ್ಮ ಚರ್ಚ್‌ಗೆ ಹೋಗುವವಳು. ನಿಮ್ಮ ಪ್ರಶ್ನೆ ಓದಿದ ಕೂಡಲೇ ಬೈಬಲ್‌ನ ನೆಹೆಮೀಯ ನೆನಪಾದ.

ಅವನು ಪರ್ಷಿಯಾದ ರಾಜನಿಗೆ ಪಾನಪಾತ್ರೆ ಕೊಡುವವನು. ಜೆರುಸಲೇಮಿನ ಗೋಡೆ ಬಿದ್ದಿದೆ ಅಂತ ಸುದ್ದಿ ಬಂದದ್ದು ಕಿಸ್ಲೇವ್ ತಿಂಗಳಲ್ಲಿ. ರಾಜನ ಮುಂದೆ ಬಾಯಿ ಬಿಟ್ಟದ್ದು ನೀಸಾನ್ ತಿಂಗಳಲ್ಲಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅರೇಬಿಕಾ ಕೊಯ್ಲು ಶುರುವಾದಾಗಿನಿಂದ ಹೂಮಳೆ ಬೀಳುವವರೆಗೆ, ಹತ್ತಿರ ಹತ್ತಿರ ನಾಲ್ಕು ತಿಂಗಳು. ಅಳುತ್ತಾ, ಉಪವಾಸ ಮಾಡುತ್ತಾ, ಪ್ರಾರ್ಥನೆ ಮಾಡುತ್ತಾ ಕಾದ. ನಿಮ್ಮ ನಲವತ್ತು ದಿನ ಜಾಸ್ತಿ ಅಲ್ಲ.

ನನಗೆ ಇಷ್ಟವಾಗುವ ಜಾಗ ಮುಂದೆ ಇದೆ. ರಾಜ ಏನು ಬೇಕು ಅಂತ ಕೇಳುತ್ತಾನೆ. ನೆಹೆಮೀಯ ಅಲ್ಲೇ ನಿಂತ ನಿಲುವಿನಲ್ಲಿ ಮನಸ್ಸಲ್ಲೇ ಒಂದು ಪ್ರಾರ್ಥನೆ ಮಾಡಿ ಉತ್ತರ ಕೊಡುತ್ತಾನೆ. ಎಷ್ಟು ದಿನ ಬೇಕು ಅಂತ ಗೊತ್ತಿತ್ತು. ದಾರಿಯ ಅಧಿಕಾರಿಗಳಿಗೆ ಪತ್ರ ಬೇಕು ಅಂತ ಗೊತ್ತಿತ್ತು. ಬಾಗಿಲಿಗೆ ಮರ ಬೇಕು, ಅದಕ್ಕೆ ರಾಜನ ಕಾಡು ನೋಡಿಕೊಳ್ಳುವವನಿಗೆ ಬರೆದು ಕೊಡಿ ಅಂದ. ಅಂದರೆ ಆ ನಾಲ್ಕು ತಿಂಗಳು ಬರೀ ಮೊಣಕಾಲೂರಿ ಕೂತಿರಲಿಲ್ಲ, ಲೆಕ್ಕವನ್ನೂ ಹಾಕಿದ್ದ. ಜೆರುಸಲೇಮಿಗೆ ಹೋದ ಮೇಲೂ ಮೂರು ದಿನ ಯಾರಿಗೂ ಹೇಳದೆ ಇದ್ದು, ರಾತ್ರಿ ಎದ್ದು ಹೋಗಿ ಬಿದ್ದ ಗೋಡೆಯನ್ನು ಸುತ್ತಿ ನೋಡಿದ. ಆಮೇಲೆ ಜನ ಕೈ ಜೋಡಿಸಿದರು, 52 ದಿನದಲ್ಲಿ ಗೋಡೆ ಎದ್ದಿತು.

ಗಮನಿಸಿ, ಈ ಕಥೆಯಲ್ಲಿ ಆಕಾಶವಾಣಿ ಇಲ್ಲ, ಕನಸೂ ಇಲ್ಲ. ದೇವರ ಕೃಪೆಯ ಕೈ ತನ್ನ ಮೇಲಿತ್ತು ಅಂತ ಅವನೇ ಹೇಳುತ್ತಾನೆ. ಅದು ಅವನಿಗೆ ಕಂಡದ್ದು ಕೇಳಿದ ಬಾಗಿಲು ತೆರೆದಾಗ.

ಸೂಚನೆ ಕೇಳಿದ್ದಕ್ಕೆ ನಾಚಿಕೆ ಪಡಬೇಡಿ. ಬೈಬಲ್‌ನಲ್ಲೇ ಬರುವ ಗಿದ್ಯೋನನೂ ಕೇಳಿದ. ಕಣದಲ್ಲಿ ಉಣ್ಣೆ ಹಾಸಿ, ಉಣ್ಣೆ ಮಾತ್ರ ನೆನೆಯಲಿ, ನೆಲ ಒಣಗಿರಲಿ ಅಂದ. ಹಾಗೇ ಆಯಿತು. ಮಾರನೇ ರಾತ್ರಿ ಉಲ್ಟಾ ಕೇಳಿದ. ದೇವರು ಅವನ ಮೇಲೆ ಸಿಟ್ಟಾಗಲಿಲ್ಲ. ಆದರೆ ಅವನಿಗೆ ಏನು ಮಾಡಬೇಕು ಅಂತ ಮೊದಲೇ ಹೇಳಿ ಆಗಿತ್ತು. ಧೈರ್ಯ ಸಾಲದೆ ಕೇಳಿದ, ಅಷ್ಟೇ. ನಿಮಗೂ ದಾರಿ ಗೊತ್ತಿದ್ದು ಧೈರ್ಯ ಮಾತ್ರ ಸಾಲುತ್ತಿಲ್ಲವಾ, ಇಲ್ಲ ದಾರಿಯೇ ಗೊತ್ತಿಲ್ಲವಾ? ಅದನ್ನು ಒಂದು ಸಂಜೆ ಕೂತು ಯೋಚಿಸಿ. ನಾನೂ ನಿಮ್ಮ ಹೆಸರು ಹೇಳದೆ ನಿಮಗಾಗಿ ಪ್ರಾರ್ಥಿಸುತ್ತೇನೆ.

ನಾಪೋಕ್ಲು ಹುಡುಗ:

ನಮ್ಮಲ್ಲಿ ಇದಕ್ಕೆಂದೇ ಒಂದು ನಮಾಜ್ ಇದೆ ಅಕ್ಕ. ಇಸ್ತಿಖಾರಾ ಅಂತ. ಎರಡು ರಕಾತ್, ಅಂದರೆ ಎರಡು ಸುತ್ತು ನಮಾಜ್ ಮಾಡಿ ಆಮೇಲೆ ಒಂದು ದುಆ, ಅಂದರೆ ಬೇಡಿಕೆಯ ಪ್ರಾರ್ಥನೆ. ಪ್ರವಾದಿಯವರು ಇದನ್ನು ಕುರ್‌ಆನಿನ ಅಧ್ಯಾಯ ಕಲಿಸುವ ಹಾಗೆ ಕಲಿಸುತ್ತಿದ್ದರು ಅಂತ ಅವರ ಸಂಗಾತಿ ಜಾಬಿರ್ ಅವರು ಹೇಳಿದ ಹದೀಸ್, ಅಂದರೆ ಪ್ರವಾದಿಯವರ ಬಗ್ಗೆಯ ವರದಿ ಇದೆ. ಆ ದುಆದ ಅರ್ಥ ಹೀಗೆ. ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಈ ಕೆಲಸ ನನ್ನ ಧರ್ಮಕ್ಕೆ, ಬದುಕಿಗೆ, ಕೊನೆಗೆ ಒಳ್ಳೆಯದಾದರೆ ಸುಲಭ ಮಾಡಿಕೊಡು. ಕೆಟ್ಟದಾದರೆ ಅದನ್ನು ನನ್ನಿಂದ ದೂರ ಮಾಡು, ನನ್ನನ್ನೂ ಅದರಿಂದ ದೂರ ಮಾಡು. ಒಳ್ಳೆಯದು ಎಲ್ಲಿದ್ದರೂ ಅದನ್ನು ನನಗೆ ಕೊಟ್ಟು, ಅದರಲ್ಲಿ ನನ್ನ ಮನಸ್ಸು ತೃಪ್ತಿ ಪಡುವ ಹಾಗೆ ಮಾಡು.

ನಮ್ಮಲ್ಲೂ ತುಂಬಾ ಜನ ಕನಸು ಬೀಳಬೇಕು, ಅದರಲ್ಲಿ ಹಸಿರು ಕಾಣಬೇಕು ಅಂತೆಲ್ಲ ಕಾಯುತ್ತಾರೆ. ಆ ಹದೀಸಿನಲ್ಲಿ ಕನಸಿನ ಮಾತೇ ಇಲ್ಲ. ಕೇಳಿ ಆದ ಮೇಲೆ ಗೊತ್ತಿದ್ದವರ ಸಲಹೆ ಪಡೆದು ಹೆಜ್ಜೆ ಇಡುವುದು, ಅಷ್ಟೇ. ನಮ್ಮ ಬಾಪಾ, ಅಂದರೆ ಅಪ್ಪ, ಕೋಳಿ ಫಾರಂ ಮಾಡಲು ಹೊರಟಾಗ ಹೀಗೇ ಮಾಡಿದರು. ಜಾಗದ ಮಾತು ಮುರಿಯಿತು, ಲೋನ್ ನಿಂತಿತು, ಒಂದೊಂದಾಗಿ ಎಲ್ಲ ಬಾಗಿಲೂ ಮುಚ್ಚಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ದೂರ ಮಾಡು ಅಂತ ನಾನೇ ಕೇಳಿದ್ದೆನಲ್ಲ ಅಂದರು. ಆ ಮಾತು ನನಗೆ ಯಾವಾಗಲೂ ನೆನಪಿಗೆ ಬರುತ್ತದೆ.

ಬೇಲಿಗೆ ಜನ ಬೇಕಾದರೆ ಹೇಳಿ ಅಕ್ಕ, ಆ ಕಡೆ ನಮ್ಮವರು ಇದ್ದಾರೆ.

ಸುಂಟಿಕೊಪ್ಪ ರೋಸ್ಟರ್:

ಎಲ್ಲರೂ ಒಳ್ಳೆಯ ಮಾತು ಹೇಳಿದ್ದಾರೆ. ನಾನು ಆರು ವರ್ಷದಿಂದ ಹುರಿಯುತ್ತಿದ್ದೇನೆ, ಅದರ ಲೆಕ್ಕ ಹೇಳುತ್ತೇನೆ. ಇದನ್ನೂ ದೀಪದ ಮುಂದೆ ಇಟ್ಟು ಕೇಳಿ.

50 ಕೆಜಿ ಮೂಟೆ ಒಣ ಚೆರ್ರಿಯನ್ನು ಸಿಪ್ಪೆ ತೆಗೆಯುವ ಹಲ್ಲರ್ ಮೆಷಿನ್‌ಗೆ ಹಾಕಿದರೆ ಬೀಜ ಸಿಗುವುದು ಹೆಚ್ಚುಕಡಿಮೆ ಅರ್ಧ. ಹುರಿದಾಗ ಅದರಲ್ಲೂ ನೂರಕ್ಕೆ 15ರಿಂದ 20ರಷ್ಟು ತೂಕ ಹೋಗುತ್ತದೆ. ಕೊನೆಗೆ ಕೈಗೆ ಬರುವ ಪುಡಿ 20, 21 ಕೆಜಿ. ನಿಮ್ಮ ಒಂಬತ್ತು ಲಕ್ಷದ ಲೆಕ್ಕವನ್ನು ಇದರ ಮೇಲೆ ಹಾಕಿದ್ದೀರಾ, ಮೂಟೆಯ ತೂಕದ ಮೇಲೆ ಹಾಕಿದ್ದೀರಾ? ತುಂಬಾ ಜನ ಇಲ್ಲೇ ಎಡವುತ್ತಾರೆ. ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನೋಂದಣಿ ಇಲ್ಲದೆ ಒಂದು ಪ್ಯಾಕೆಟ್ಟೂ ಮಾರಬೇಡಿ. ಕಾಫಿ ಬೋರ್ಡಿನವರು ಬೆಂಗಳೂರಲ್ಲಿ ಕಾಪಿ ಶಾಸ್ತ್ರ ಅಂತ ತರಬೇತಿ ಕೊಡುತ್ತಾರೆ, ಹುರಿಯುವುದು, ರುಚಿ ನೋಡುವುದು ಎಲ್ಲ ಕಲಿಸುತ್ತಾರೆ. ಮೆಷಿನ್ ತೆಗೆದುಕೊಳ್ಳುವ ಮುಂಚೆ ಅಲ್ಲಿಗೆ ಹೋಗಿ. ಮೊದಲ ವರ್ಷ ಬೇರೆಯವರ ರೋಸ್ಟರ್‌ನಲ್ಲಿ ಕೂಲಿ ಕೊಟ್ಟು ಹುರಿಸಿ ಮಾರಿ ನೋಡಬಹುದು. ನನ್ನ ಹತ್ತಿರವೇ ತನ್ನಿ, ಕೂಲಿ ಮಾತಾಡೋಣ. ಪುಡಿ ಹೋಗುತ್ತದೆ ಅಂತ ಗೊತ್ತಾದ ಮೇಲೆ ಸಾಲ ಮಾಡಿ.

ನಾನೂ ಪ್ರತಿ ಸೀಸನ್ ಮೊದಲ ಬ್ಯಾಚ್ ಹಾಕುವ ಮುಂಚೆ ಡ್ರಮ್ ಮುಂದೆ ಎರಡು ನಿಮಿಷ ಕೈ ಮುಗಿದು ನಿಲ್ಲುತ್ತೇನೆ. ಅದನ್ನು ಯಾವತ್ತೂ ಬಿಟ್ಟಿಲ್ಲ.

ಅಮ್ಮತ್ತಿ ತೋಟದವಳು:

ಹತ್ತು ದಿನ ಆಯಿತು, ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ.

ಮಾವ, ನೀವು ಕೇಳಿದ ಪ್ರಶ್ನೆ ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ಕೇಳಿರಲಿಲ್ಲ. ನಲವತ್ತು ದಿನ ಅವ್ವನ ಒಡವೆಯ ಬಗ್ಗೆ ದೇವರನ್ನು ಕೇಳಿದ್ದೆ, ಹಿಂದೆ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದ ಅವ್ವನನ್ನು ಕೇಳಿರಲಿಲ್ಲ. ಅಪ್ಪ ಹೋದ ಮೇಲೆ ಅದರ ಮಾತೆತ್ತಿದರೆ ನೊಂದುಕೊಳ್ಳುತ್ತಾಳೆ ಅಂತ ಹೆದರಿಕೆ. ಮಾರನೇ ಸಂಜೆ ದೀಪ ಹಚ್ಚಿ ಅವ್ವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಬತ್ತಿ ಸರಿ ಮಾಡುತ್ತಾ ಸುಮ್ನೆ ಇದ್ದಳು. ಆಮೇಲೆ, ನೀನು ದಿನಾ ಇಲ್ಲಿ ನಿಂತು ಏನು ಕೇಳುತ್ತೀಯ ಅಂತ ನನಗೆ ಗೊತ್ತಿತ್ತು, ನನ್ನನ್ನು ಯಾವಾಗ ಕೇಳುತ್ತೀಯ ಅಂತ ಕಾಯುತ್ತಿದ್ದೆ ಅಂದಳು. ಜೋಮಾಲೆ ಈ ವರ್ಷ ಬೇಡ, ಅಗತ್ಯ ಬಿದ್ದರೆ ಮುಂದಿನ ವರ್ಷ ನಾನೇ ತೆಗೆದು ಕೊಡುತ್ತೇನೆ ಅಂದಳು. ಅಳು ಬಂತು, ಜೊತೆಗೆ ಎಷ್ಟೋ ದಿನದ ಭಾರ ಇಳಿಯಿತು. ಟೀಚರ್ ಹೇಳಿದ ಹಾಗೆ ಯೋಚಿಸಿದೆ. ದಾರಿ ಗೊತ್ತಿತ್ತು ಅನ್ನಿಸುತ್ತದೆ, ಅಳತೆ ಗೊತ್ತಿರಲಿಲ್ಲ.

ಈ ಸೀಸನ್‌ಗೆ ಸಾಲ ಇಲ್ಲ. ಎರಡು ಮೂಟೆಯ ಬೀಜ ಸುಂಟಿಕೊಪ್ಪಕ್ಕೆ ತರುತ್ತೇನೆ ಅಣ್ಣ, ಕೂಲಿ ಎಷ್ಟು ಅಂತ ಮೆಸೇಜ್ ಮಾಡಿ. ತರಬೇತಿಗೂ ವಿಚಾರಿಸಿದ್ದೇನೆ. ನಾಪೋಕ್ಲು ತಮ್ಮ, ಬೇಲಿಗೆ ಇಬ್ಬರು ಬೇಕು.

ನಿನ್ನೆ ಮನೆಯಲ್ಲೇ ಒಂದು ಕೆಜಿ ಹುರಿದೆವು. ಅಜ್ಜಿಯ ಕಾಲದ ಕಬ್ಬಿಣದ ಬಾಣಲೆ, ಸೌದೆ ಒಲೆ. ಕೈ ಬಿಡದೆ ತಿರುವಬೇಕು, ಹೊಗೆಗೆ ಕಣ್ಣು ಉರಿಯುತ್ತದೆ. ಬೀಜ ಹಳದಿಯಾಗಿ, ಕಂದಾಗಿ, ಚಟ್ ಚಟ್ ಅಂತ ಸಿಡಿಯಲು ಶುರುವಾದಾಗ ಅವ್ವ, ಸಾಕು, ಇಳಿಸು ಅಂದಳು. ನಾನು ಇನ್ನೊಂದು ನಿಮಿಷ ಅಂತ ಬಿಟ್ಟೆ. ಕುಟ್ಟಿ ಪುಡಿ ಮಾಡಿ, ಬೆಲ್ಲ ಹಾಕಿ ಮಾಡಿದ ಮೊದಲ ಲೋಟವನ್ನು ಅವ್ವ ಕಾರೋಣನಿಗೆ ಅಂತ ದೀಪದ ಕೆಳಗೆ ಇಟ್ಟಳು. ಎರಡನೇ ಲೋಟ ನಾವಿಬ್ಬರೂ ಹಂಚಿಕೊಂಡೆವು. ಸ್ವಲ್ಪ ಸೀದ ರುಚಿ ಇತ್ತು. ನಾಳೆ ಉರಿ ಕಡಿಮೆ ಮಾಡಿ ಇನ್ನೊಮ್ಮೆ ಹುರಿಯುತ್ತೇವೆ.