ಸಹಾಯ ಬೇಕು: ಮಳೆಗಾಲಕ್ಕೆ ಮಕ್ಕಳಿಗೆ ಹೇಳುವ ದೆವ್ವದ ಕಥೆ

ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಆಷಾಢದ ಮಳೆ, ಮಧ್ಯಾಹ್ನಕ್ಕೇ ಕತ್ತಲು, ಕರೆಂಟೂ ಇಲ್ಲ. ಮಕ್ಕಳು ಒದ್ದೆ ಕೊಡೆ ಮೂಲೆಗಿಟ್ಟು "ಟೀಚರ್, ದೆವ್ವದ ಕಥೆ" ಅಂತ ಸುತ್ತ ಕೂರುತ್ತಾರೆ. ಬಾಗಿಲ ಮೇಲೆ 'ನಾಳೆ ಬಾ' ಬರೆಯುತ್ತಿದ್ದ ಕಾಲದ ಕಥೆ ಹೇಳಿದೆ. ಗದ್ದೆಬಯಲಿನ ಕೊಳ್ಳಿದೆವ್ವವೂ ಆಯ್ತು. ಆದರೆ ಮರುದಿನ ಮೂರನೇ ಕ್ಲಾಸಿನ ಪುಟ್ಟಿಯೊಬ್ಬಳು ಕಾಲುಸಂಕ ದಾಟಲು ಹೆದರಿ ಅತ್ತಳಂತೆ. ತುಂಬಾ ಬೇಜಾರಾಯ್ತು. ಹಾಗಂತ ನಿಲ್ಲಿಸಲು ಮನಸ್ಸಿಲ್ಲ. ಕಥೆ ಕೇಳಿದ ಮೇಲೆ ಪುಸ್ತಕ ಕೇಳುವವರು ಜಾಸ್ತಿಯಾಗಿದ್ದಾರೆ, ಅದೇ ನನಗೆ ದೊಡ್ಡದು.

ಮೈ ಜುಮ್ಮೆನ್ನಬೇಕು, ರಾತ್ರಿ ನಿದ್ದೆಯೂ ಬರಬೇಕು. ದೆವ್ವ ಪೆದ್ದಾಗಿದ್ದರೆ, ಮಗುವೇ ಗೆದ್ದರೆ ಇನ್ನೂ ಚೆನ್ನ. ನಿಮ್ಮಜ್ಜಿ ಒಲೆ ಮುಂದೆ ಕೂರಿಸಿ ಹೇಳಿದಂಥ ಕಥೆ ನೆನಪಿದ್ದರೆ ದಯವಿಟ್ಟು ಇಲ್ಲೇ ಬರೆಯಿರಿ. ಅರ್ಧಂಬರ್ಧ ನೆನಪಿದ್ದರೂ ಸಾಕು.